ಹತ್ತು ಕ್ಯಾನು ಸಮುದ್ರ

ಅಡುಗೆಮನೆಯಲ್ಲಿ ಚಮಚೆ, ಸೌಟುಗಳನ್ನು ನಿಲ್ಲಿಸುವ ಸ್ಟೀಲಿನ ಡಬ್ಬಿಯೊಳಗೆ ಮೊನ್ನೆ ಚಹಾ ಸೋಸುವ ಜಾಲರಿಗಾಗಿ ಕೈ ಹಾಕಿದೆ. ಜಾಲರಿ ಸಿಗಲಿಲ್ಲ. ಬದಲಿಗೆ ಅಂಗೈ ಅಗಲದ ಒಂದು ಪ್ಲಾಸ್ಟಿಕ್ ಪೆಟ್ಟಿಗೆ ಸಿಕ್ಕಿತು. ಒಳಗೊಂದು ಬಿಳಿ ಮುಳ್ಳು. ನೀರು ತುಂಬಿಸಿದರೆ ಮುಳ್ಳು ಏಳುತ್ತದೆ. ನೀರಿನಲ್ಲಿ ಉಪ್ಪು ಹೆಚ್ಚಿದ್ದಷ್ಟೂ ಮೇಲಕ್ಕೆ ಏಳುತ್ತದೆ. ಹೈಡ್ರೋಮೀಟರ್ ಎನ್ನುತ್ತಾರೆ. ನಮ್ಮ ಮನೆಯಲ್ಲಿ ಇಂಥವು ಎರಡಿವೆ. ಸವಣೂರಿನಲ್ಲಿ ಬೇರೆ ಯಾರ ಮನೆಯಲ್ಲೂ ಒಂದೂ ಇಲ್ಲದ ವಸ್ತು ಇವರ ಮನೆಯಲ್ಲಿ ಎರಡು ಯಾಕೆ ಎಂದು ನೀವು ಕೇಳಬಹುದು. ಕೇಳಿ. ಯಾರಾದರೂ ಕೇಳಲಿ ಎಂದೇ ಕೂತಿದ್ದೇನೆ.

ಅದನ್ನು ನೋಡುತ್ತಲೇ ನನ್ನ ಉಸಿರಿನ ಸದ್ದು ಬದಲಾಗಿರಬೇಕು. ಒಲೆಯ ಮುಂದಿದ್ದ ನನ್ನ ಹೆಂಡತಿ ಗಿರಿಜಾ ತಿರುಗದೆಯೇ ಕೇಳಿದಳು.

“ಮತ್ತ ಸಮುದ್ರದ ಸಿಟ್ಟು ಬಂತೇನ್ರಿ?”

“ಬಂತು.”

“ಬರ್ಲಿ. ಚಾ ಕುಡದು ಸಿಟ್ಟಾಗ್ರಿ.”

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವನು. ಆದರೆ ನನ್ನ ನಿಜವಾದ ಪಾಂಡಿತ್ಯ ಇರುವುದು ಚಿಂತೆಯಲ್ಲಿ. ಒಮ್ಮೆ ಬೆಂಗಳೂರಿಗೆ ಹೋಗಲು ಯಲವಿಗಿ ಸ್ಟೇಷನ್ನಿಗೆ ಬಂದು, ಟಿಕೆಟ್ಟು ಕೈಯಲ್ಲಿ ಹಿಡಿದು ನಿಂತವನಿಗೆ, ಗಾಡಿ ದೂರದಲ್ಲಿ ಕಾಣಿಸಿಕೊಂಡ ಹೊತ್ತಿಗೆ ಸರಿಯಾಗಿ, ಮನೆಯಲ್ಲಿ ಗ್ಯಾಸು ಬಂದ್ ಮಾಡಿದ್ದೆನೋ ಇಲ್ಲವೋ ಎಂಬ ಅನುಮಾನ ಬಂತು. ಆಟೋ ಹಿಡಿದು ವಾಪಸು ಓಡಿದೆ. ಬಂದು ನೋಡಿದರೆ ಗ್ಯಾಸು ನಿಜವಾಗಿಯೂ ಉರಿಯುತ್ತಿತ್ತು. ಅವ್ವ ಮತ್ತು ಗಿರಿಜಾ ಅದರ ಮೇಲೆ ಮಂಡಕ್ಕಿ ಒಗ್ಗರಣೆ ಮಾಡುತ್ತಿದ್ದರು. ಮನೆಯಲ್ಲಿ ಇನ್ನೂ ಇಬ್ಬರು ಮನುಷ್ಯರಿದ್ದಾರೆ ಎಂಬ ಸಂಗತಿಯೇ ನನ್ನ ಚಿಂತೆಗೆ ಹೊಳೆದಿರಲಿಲ್ಲ. “ಒಗ್ಗರಣಿ ವಾಸನಿ ಯಲವಿಗಿತನಕಾ ಬಂತೇನೋ?” ಎಂದು ಅವ್ವ ನನಗೂ ಒಂದು ತಾಟು ಹಚ್ಚಿ ಕೊಟ್ಟಳು. ತಿಂದೆ. ಗಾಡಿ ನನ್ನನ್ನು ಬಿಟ್ಟು ಹುಬ್ಬಳ್ಳಿಯ ಕಡೆಯಿಂದ ಹರಿಹರದ ಕಡೆ ಆರಾಮಾಗಿ ಹೋಗಿತ್ತು.

ಇಂಥವನ ರಕ್ತದೊತ್ತಡ ಹೇಗಿರಬೇಕೋ ಹಾಗೆಯೇ ಇತ್ತು. ಹುಬ್ಬಳ್ಳಿಯ ಡಾಕ್ಟರು ತೋಳಿನ ಪಟ್ಟಿ ಬಿಚ್ಚುತ್ತ, “ಮಾಸ್ತರ, ಗುಳಿಗಿ ನಾ ಕೊಡ್ತೇನಿ. ಚಿಂತಿ ಬಿಡೂದು ನಿಮಗ ಬಿಟ್ಟಿದ್ದು. ಏನರ ಒಂದು ಹವ್ಯಾಸ ಹಚ್ಕೊಳ್ರಿ” ಎಂದರು. ಹವ್ಯಾಸ ಅವರ ಹೊರಕೋಣೆಯಲ್ಲೇ ಇತ್ತು. ಗೋಡೆಯುದ್ದದ ಗಾಜಿನ ಟ್ಯಾಂಕು. ನೀಲಿ ಬೆಳಕು. ಅದರೊಳಗೆ ಹವಳದ ಹೊದರುಗಳು ಗಾಳಿಗೆ ಸಿಕ್ಕ ಜೋಳದ ಹೊಲದ ಹಾಗೆ ಒಂದೇ ಕಡೆ ಬಾಗುತ್ತಿದ್ದವು, ಮತ್ತೆ ಏಳುತ್ತಿದ್ದವು. ಬಿಳಿ ಪಟ್ಟೆಯ ಕಿತ್ತಳೆ ಮೀನೊಂದು ಆ ಹೊಲದ ಮಾಲೀಕನಂತೆ ಅಡ್ಡಾಡುತ್ತಿತ್ತು. ನಾನು ಅದರ ಮುಂದೆ ನಿಂತವನು ಊರಿಗೆ ಮರಳುವ ಬಸ್ಸು, ಮನೆ ಸಾಲ, ಹತ್ತನೆಯ ತರಗತಿಯ ಫಲಿತಾಂಶ, ಎಡಗಾಲಿನ ಜೋಮು, ಎಲ್ಲವನ್ನೂ ಮರೆತು ಇಪ್ಪತ್ತು ನಿಮಿಷ ನಿಂತೆ. ಬುದ್ಧಿ ಬಂದಾಗಿನಿಂದ ಅಷ್ಟು ಹೊತ್ತು ನಾನು ಚಿಂತೆಯಿಲ್ಲದೆ ನಿಂತದ್ದು ಅದೇ ಮೊದಲು. ಅದು ಗೊತ್ತಾದ ಕೂಡಲೇ ಏನಾದರೂ ಆಗಿರಬಹುದೇ ಎಂದು ಚಿಂತೆಯಾಯಿತು.

ಆ ದಿನದಿಂದ ಫೋನಿನಲ್ಲಿ ವಿಡಿಯೋ ನೋಡುವ ಚಾಳಿ ಬಿತ್ತು. “ಕಡಿಮೆ ಖರ್ಚಿನಲ್ಲಿ ನಿಮ್ಮ ಮನೆಯಲ್ಲೇ ಸಮುದ್ರ” ಎಂದು ಹಲ್ಲು ಕಿರಿಯುವ ಒಬ್ಬ ತರುಣ ನನಗೆ ಗುರುವಾದ. ಅವನ ಆ ‘ಕಡಿಮೆ’ ಎಂಬ ಮಾತಿನ ಮೇಲೆ ನನಗೆ ಈಗಲೂ ಸಿಟ್ಟಿದೆ. ಕಲ್ಲು ಬೇಕು ಎಂದ. ಸರಿ, ನಮ್ಮ ಕಡೆ ಕಲ್ಲಿಗೇನು ಬರ? ಬಂಕಾಪುರದ ಕೋಟೆಯಿಂದ ನಮ್ಮ ಹಿತ್ತಲ ತನಕ ಕಲ್ಲೇ. ಊಹೂಂ, ಆ ಕಲ್ಲು ನಡೆಯುವುದಿಲ್ಲ. ಸಮುದ್ರದೊಳಗೆ ಬಿದ್ದಿದ್ದು, ಮೈಯೆಲ್ಲ ತೂತಾಗಿ, ಆ ತೂತುಗಳೊಳಗೆ ಕಣ್ಣಿಗೆ ಕಾಣದ ಜೀವಿಗಳು ಸಂಸಾರ ಹೂಡಿರುವ ಕಲ್ಲೇ ಆಗಬೇಕು. ಅದನ್ನು ಬೆಲ್ಲದಂತೆ ಕಿಲೋ ಲೆಕ್ಕದಲ್ಲಿ ತೂಗಿ ಮಾರುತ್ತಾರೆ. ಮರಳೂ ಹಾಗೆಯೇ. ಕೊನೆಗೆ ಉಪ್ಪು. ಸಮುದ್ರದ ನೀರು ಮಾಡಿಕೊಳ್ಳುವ ಉಪ್ಪು ಡಬ್ಬಿಯಲ್ಲಿ ಪರದೇಶದಿಂದ ಬರುತ್ತದಂತೆ. ತುಪ್ಪವೇ ನಾಚಬೇಕು, ಅಂಥ ಬೆಲೆ.

ಉಪ್ಪಿಗೆ! ನಾನು ಬೆಳೆದದ್ದು ಹಿರೇಕೆರೂರಿನಲ್ಲಿ. ಆಗ ಕಿರಾಣಿ ಅಂಗಡಿಯವರು ಸಕ್ಕರೆಯನ್ನು ಒಳಗಿಟ್ಟು ಬೀಗ ಹಾಕುತ್ತಿದ್ದರು, ಹರಳುಪ್ಪಿನ ಚೀಲವನ್ನು ಹೊರಗೆ ಕಟ್ಟೆಯ ಮೇಲೆ ಬಾಯಿ ತೆರೆದೇ ಬಿಟ್ಟು ಮನೆಗೆ ಹೋಗುತ್ತಿದ್ದರು. ಯಾರೂ ಕದಿಯುತ್ತಿರಲಿಲ್ಲ. ಒಂದು ಕಂದು ಆಕಳು ಮಾತ್ರ ಬೆಳಿಗ್ಗೆ ಬಂದು ಚೀಲವನ್ನು ನೆಕ್ಕಿ, ಊರಿನ ಎಲ್ಲರ ಸಾರಿಗಿಂತ ಮೊದಲು ತಾನು ರುಚಿ ನೋಡಿ ಹೋಗುತ್ತಿತ್ತು. ಅಂಥ ಉಪ್ಪಿಗೆ ಈಗ ಮುಚ್ಚಳ, ಮುದ್ರೆ, ಮೇಲೊಂದು ಹವಳದ ಚಿತ್ರ. ಹಾನಗಲ್ಲಿನಿಂದ ಶಿರಸಿ ದಾಟಿ ಘಟ್ಟ ಇಳಿದರೆ ಅರ್ಧ ದಿನದ ಹಾದಿಯಲ್ಲಿ ಸಮುದ್ರ ಬಾಯಿ ತೆರೆದುಕೊಂಡು ಬಿದ್ದಿರುವಾಗ, ನಾನು ಡಬ್ಬಿ ಕೊಳ್ಳಬೇಕೆ?

ಅದೇ ಹಿರೇಕೆರೂರಿನಲ್ಲಿ ಏಳೆಂಟು ವರ್ಷದವನಿದ್ದಾಗ ನಾನು ಕೆರೆಯಿಂದ ಟವೆಲ್ಲಿನಲ್ಲಿ ನಾಲ್ಕು ಕಿರುಮೀನು ಹಿಡಿದು ತಂದು ಉಪ್ಪಿನಕಾಯಿ ಭರಣಿಯಲ್ಲಿ ಸಾಕಿದ್ದೆ. ಭರಣಿಯನ್ನು ಎಷ್ಟು ತೊಳೆದಿದ್ದರೂ ಇಂಗಿನ ವಾಸನೆ ಹೋಗಿರಲಿಲ್ಲ. ಎರಡನೆಯ ದಿನಕ್ಕೆ ನಾಲ್ಕೂ ಹೊಟ್ಟೆ ಮೇಲಾಗಿ ತೇಲಿದವು. ಅವ್ವ ಬೈಯಲಿಲ್ಲ. ದಾಸವಾಳದ ಬುಡದಲ್ಲಿ ಹುಗಿದು ಬಂದು ನನ್ನ ಕೈ ತೊಳೆಯುತ್ತ, “ಮನಿಗೆ ಕರ್ಕೊಂಡು ಬಂದ ಮ್ಯಾಲ ಅದರ ಊಟಾ ನೀರು ನಮ್ಮದೋ ಕೂಸ. ಆಗೂದಿಲ್ಲಂದ್ರ ತರಬಾರದು” ಎಂದಿದ್ದಳು. ಆ ಭರಣಿಯಲ್ಲಿ ಮುಂದೆ ನಮ್ಮ ಮನೆಯವರು ಯಾರೂ ಉಪ್ಪಿನಕಾಯಿ ಹಾಕಲಿಲ್ಲ.

ಗಿರಿಜಾ ಇಷ್ಟು ಮೆತ್ತಗೆ ಹೇಳಲಿಲ್ಲ. ಮೀನು ತರುವ ಮಾತೆತ್ತಿದಾಗ ರೊಟ್ಟಿ ಬಡಿಯುವ ಕೈ ನಿಲ್ಲಿಸಿ ಅಂದಳು: “ನಮ್ಮ ಮನ್ಯಾಗ ಜೀವಾ ಕೊಲ್ಲೂದಿಲ್ಲ, ತಿನ್ನೂದಿಲ್ಲ. ನೀವು ಹೌಸಿಗೆ ತಂದು ಕೊಲ್ಲೂದೂ ಆಗಬಾರದು. ಒಂದು ಸತ್ರೂ ಆ ಗಾಜಿನ ಪೆಟ್ಟಗಿ ಹೊರಗ. ಒಂದ ಒಂದು. ಒಪ್ಪಿಗಿ ಐತೇನ್ರಿ?” ಒಪ್ಪಿಗೆ ಎಂದೆ. ಒಪ್ಪಿದ ಗಳಿಗೆಯಿಂದ ಆ ‘ಒಂದು’ ಎಂಬ ಅಂಕೆ ನನ್ನ ತಲೆಯೊಳಗೆ ಕೂತು ಕುಟುಕತೊಡಗಿತು.

ಶಿಗ್ಗಾಂವಿಯಲ್ಲಿ ದೇವರ ಫೋಟೋಗಳಿಗೆ ಗಾಜು ಹಾಕುವವರೊಬ್ಬರು ಟ್ಯಾಂಕು ಅಂಟಿಸಿಕೊಟ್ಟರು. ಬಂಕಾಪುರದಲ್ಲಿ ಹೆದ್ದಾರಿ ಬದಿಯ ವೆಲ್ಡಿಂಗಿನವನು ಸ್ಟ್ಯಾಂಡು ಮಾಡಿದ. ಜೀವಮಾನವೆಲ್ಲ ಗೇಟು ಮಾಡಿದ ಕೈ; ನಾನು ಬೇಡವೆಂದರೂ ನಾಲ್ಕು ಮೂಲೆಗೂ ಮೇಲ್ಮುಖವಾಗಿ ಭರ್ಚಿಯ ಮೊನೆ ಇಟ್ಟಿದ್ದ. “ಇರ್ಲಿ ಬಿಡ್ರಿ ಸರ, ಕಳ್ಳರು ಹತ್ತೂದಿಲ್ಲ” ಎಂದ. ಮೀನಿನ ಟ್ಯಾಂಕು ಹತ್ತುವ ಕಳ್ಳನನ್ನು ನಾನು ಇಂದಿಗೂ ಊಹಿಸಿಕೊಳ್ಳಲು ಆಗಿಲ್ಲ. ಆದರೆ ಆ ಮೊನೆಗಳಿಗೆ ನನ್ನ ಎರಡು ಅಂಗಿ ಹರಿದಿವೆ.

ಇನ್ನು ನೀರು. ಗಿರಿಜಾಳ ತಮ್ಮ ಬಸು ಹಾನಗಲ್ಲಿನವನು. ತನ್ನ ಗೂಡ್ಸ್ ಗಾಡಿಯಲ್ಲಿ ತರಕಾರಿ ಹೇರಿಕೊಂಡು ಕುಮಟಾ, ಗೋಕರ್ಣದ ಕಡೆ ಹೋಗುತ್ತಾನೆ, ಬರುವಾಗ ಗಾಡಿ ಖಾಲಿ. ವಿಷಯ ಕೇಳಿ ನಕ್ಕುಬಿಟ್ಟ. “ಮಾಮಾ, ಉಪ್ಪು ಯಾಕ ಕೊಳ್ತೀರಿ? ಸಮುದ್ರಾನ ತಂದು ಇಳಸ್ತೇನಿ. ಎಷ್ಟು ಬೇಕು ಹೇಳ್ರಿ.”

“ಹತ್ತು ಕ್ಯಾನು.”

ಹೀಗೆ ಒಂದು ರವಿವಾರ ಬೆಳಿಗ್ಗೆ ನಮ್ಮ ಅಂಗಳದಲ್ಲಿ ಹತ್ತು ಕ್ಯಾನು ಸಮುದ್ರ ಇಳಿಯಿತು. ಒಂದೊಂದು ಕ್ಯಾನಿಗೆ ಇಪ್ಪತ್ತು ಲೀಟರು. ಐದು ಕ್ಯಾನು ಟ್ಯಾಂಕಿಗೆ, ಉಳಿದ ಐದು ವಾರಕ್ಕೊಮ್ಮೆ ಸ್ವಲ್ಪ ಸ್ವಲ್ಪ ಹಳೆಯ ನೀರು ತೆಗೆದು ಹೊಸದು ಹಾಕಲು. ಬೆವರು ಒರೆಸಿಕೊಳ್ಳುತ್ತಿದ್ದ ಬಸುವಿಗೆ ಅವ್ವ ಮಜ್ಜಿಗೆ ಕೊಡುತ್ತ ಕೇಳಿದಳು, “ಎಲ್ಲೀದಪಾ ಈ ನೀರು?”

“ಗೋಕರ್ಣದ್ರಿ ಅತ್ತಿ.”

ಅವನು ಕುಮಟಾದ್ದು ಎಂದುಬಿಟ್ಟಿದ್ದರೆ ಇದನ್ನು ಬರೆಯುವ ಪ್ರಸಂಗವೇ ಬರುತ್ತಿರಲಿಲ್ಲ. ಗೋಕರ್ಣ ಎಂಬ ಮಾತು ಅವ್ವನ ಕಿವಿಗೆ ಬಿತ್ತು. ನಾನು ಗಾಡಿಯ ಬಾಡಿಗೆಯ ಮಾತಾಡಿ ಒಳಗೆ ಬರುವಷ್ಟರಲ್ಲಿ ಹತ್ತೂ ಕ್ಯಾನುಗಳ ಹಣೆಗೆ ವಿಭೂತಿ ಬಿದ್ದಿತ್ತು, ಸಾಲಾಗಿ, ಜಂಗಮರು ಕೂತ ಹಾಗೆ.

ನೀರು ತುಂಬಿದ ಮೇಲೆ ಮೀನು ಬಿಡುವಂತಿಲ್ಲ. ಒಂದೂವರೆ ತಿಂಗಳು ಬರಿ ನೀರು, ಕಲ್ಲು. ನೀರು ಹದಕ್ಕೆ ಬರಬೇಕು. ಇದು ಓಣಿಯವರಿಗೆ ಹೇಗೆ ಅರ್ಥವಾಗಬೇಕು? ಬಂದವರೆಲ್ಲ ಸೋಫಾದ ಮೇಲೆ ಕೂತು ಖಾರ ಚುರಮುರಿ ತಿನ್ನುತ್ತ ಬರಿ ನೀರನ್ನು ದಿಟ್ಟಿಸಿದರು. “ಮೀನ ಎಲ್ಲಿ ಕಾಣವಲ್ಲವಲ್ರಿ?” “ಇನ್ನೂ ಬಂದಿಲ್ರಿ.” “ಮತ್ತ ಲೈಟು ಯಾರಿಗೆ ಹಚ್ಚೀರಿ?” ನನ್ನ ಸಹೋದ್ಯೋಗಿಯೊಬ್ಬರಂತೂ ಸ್ಟಾಫ್ ರೂಮಿನಲ್ಲಿ, ಮಾಸ್ತರ ಮನೆಯಲ್ಲಿ ಕಲ್ಲಿಗೆ ಕರೆಂಟು ಕೊಟ್ಟು ಸಾಕುತ್ತಿದ್ದಾರೆ ಎಂದು ಸುದ್ದಿ ಮಾಡಿದರು. ಸಾಕಾಗಿ ನಾನು ಅವ್ವನಿಗಾದರೂ ತಿಳಿಯಲಿ ಎಂದು ಪಾಠಕ್ಕೆ ಕೂತೆ.

“ಹಾಲಿಗೆ ಹೆಪ್ಪು ಹಾಕ್ತೀಯಲ್ಲ ಅವ್ವಾ, ಹಂಗ ಇದು. ಈ ಕಲ್ಲಿನ್ಯಾಗ ಸಮುದ್ರದ ಹೆಪ್ಪೈತಿ. ಸಾವಕಾಶ ಅದು ಇಡೀ ನೀರನ್ನ ತನ್ನಂಗ ಮಾಡ್ಕೋತೈತಿ.”

ಅವ್ವನ ಮುಖ ಬೆಳಗಿತು. ಇಪ್ಪತ್ತಾರು ವರ್ಷದ ನೌಕರಿಯಲ್ಲಿ ಯಾವ ವಿದ್ಯಾರ್ಥಿಯ ಮುಖವೂ ನನ್ನ ಪಾಠಕ್ಕೆ ಹಾಗೆ ಬೆಳಗಿದ್ದಿಲ್ಲ. “ಹಂಗೇನು! ಸ್ವಲ್ಪ ಇದ್ರ ಸಾಕಲ್ಲ ಹಂಗಾರ” ಎಂದಳು. ಪಾಠ ಮುಟ್ಟಿತು ಎಂದು ಹಿಗ್ಗಿದೆ. ಅದು ಎಲ್ಲಿಗೆ ಹೋಗಿ ಮುಟ್ಟಿತ್ತು ಎಂಬುದು ಆಮೇಲೆ ಗೊತ್ತಾಯಿತು.

ಈ ನಡುವೆ ಪಕ್ಕದ ಮನೆಯ ಶಾಂತಕ್ಕ ಒಂದು ಚಂಬು ಹಿಡಿದುಕೊಂಡು ಬಂದಳು. “ನಾಳೆ ತಡಸದಾಗ ನಮ್ಮ ಮಗಳ ಹೊಸಾ ಮನಿ ವಾಸ್ತು ಐತ್ರಿ ಮಾಸ್ತರ. ಒಂದು ಚಂಬು ಗೋಕರ್ಣದ ನೀರು ಕೊಡ್ರಿ, ನಾಕೂ ಮೂಲಿಗೆ ಸಿಂಪಡಸ್ತೇವಿ.” ನೀರು ಕೇಳಿ ಬಂದವರಿಗೆ ಇಲ್ಲವೆನ್ನುವುದು ನಮ್ಮ ಮನೆತನದಲ್ಲಿ ಯಾರಿಗೂ ಬಾರದ ವಿದ್ಯೆ. ಕೊಟ್ಟೆ. ಮರುವಾರ ಹೊಸ ಟ್ರ್ಯಾಕ್ಟರಿಗೆ ಒಬ್ಬರು ಒಯ್ದರು. ಬೋರು ಹೊಡೆಸುವ ಜಾಗಕ್ಕೆ ಒಬ್ಬರು. ಮಗನಿಗೆ ಕನ್ಯೆ ಸಿಗಲೆಂದು ಸ್ನಾನ ಮಾಡಿಸಲು ಒಬ್ಬರು ಕೊಡವನ್ನೇ ತಂದಿದ್ದರು. ನನಗೆ ರೇಗಿತು. ಸಮುದ್ರ ನಮ್ಮೂರಿಗೆ ಬಂದದ್ದು ಮೀನಿಗಾಗಿ, ವರನ ಮೈ ತೊಳೆಯಲಿಕ್ಕಲ್ಲ. “ಅವ್ವಾ, ಇನ್ನ ಯಾರ ಬಂದ್ರೂ ಕೊಡಬ್ಯಾಡ. ಕ್ಯಾನು ಖಾಲಿ ಆದ್ರ ನಾ ಏನ್ ಮಾಡ್ಲಿ?” ಎಂದು ಖಡಕ್ಕಾಗಿ ಹೇಳಿದೆ.

“ಕ್ಯಾನು ಖಾಲಿ ಆಗಬಾರದು, ಅಷ್ಟ ಹೌದಲ್ಲೋ?”

“ಅಷ್ಟ.”

“ಆತು ಬಿಡು” ಎಂದಳು ಅವ್ವ. ಚಿಂತೆ ಮಾಡಬೇಕಾದ ಮಾತಿಗೆ ಮಾತ್ರ ನಾನು ಯಾವತ್ತೂ ಚಿಂತೆ ಮಾಡಿದವನಲ್ಲ.

ಕಡೆಗೂ ಹುಬ್ಬಳ್ಳಿಯ ಅಂಗಡಿಯಿಂದ ಎರಡು ಕಿತ್ತಳೆ ಮೀನು, ಶೇಂಗಾ ಚಿಕ್ಕಿಯಷ್ಟಗಲದ ಒಂದು ಹವಳದ ತುಣುಕು ಬಂದವು. ಜೊತೆಗೆ ಈ ಮುಳ್ಳಿನ ಪೆಟ್ಟಿಗೆ. ಹವಳದ ಮೇಲೆ ಒಂಬತ್ತು ಮೊಗ್ಗು. ಬೆಳಕು ಬಿದ್ದಾಗ ಒಂಬತ್ತೂ ಅಂಗಿಗುಂಡಿಯಷ್ಟು ಅರಳಿ, ಸುತ್ತ ಹಸಿರು ರೆಪ್ಪೆ ಬಿಡಿಸುತ್ತಿದ್ದವು. ಅವ್ವ ಕನ್ನಡಕ ಏರಿಸಿಕೊಂಡು ಬಂದು, “ಹವಳ ಅಂದ್ರ ಉಂಗುರಕ್ಕ ಹಾಕೂದಲ್ಲೇನೋ? ಇದು ಉಸರಾಡಾಕತ್ತೈತಿ!” ಎಂದು ಬೆರಗಾದಳು. ಒಂದೇ ಒಂದಲ್ಲ, ಒಂಬತ್ತು ಜೀವ ಎಂದು ತಿಳಿದಾಗ ಗಿರಿಜಾ ನನ್ನ ಕಡೆ ನೋಡಿದ ನೋಟವನ್ನು ಬರೆಯಲಾರೆ. ಎರಡು ಮೀನು ಸೇರಿ ಹನ್ನೊಂದು. ನನ್ನ ಚಿಂತೆಗೆ ಹನ್ನೊಂದು ಬಾಗಿಲು ತೆರೆದಂತಾಯಿತು. ಮೀನಿಗೆ ಹಾಕುವ ಕಾಳಿನ ಡಬ್ಬಿಯ ಮೇಲೆ ಏನೇನು ಬರೆದಿತ್ತು ಎಂಬುದನ್ನು ಮಾತ್ರ ಆ ಶಾಕಾಹಾರಿ ಮನೆಯಲ್ಲಿ ನಾನು ಯಾರಿಗೂ ಓದಿ ಹೇಳಲಿಲ್ಲ.

ಮೂರು ವಾರ ಸುಖವಾಗಿದ್ದೆ. ನಾಲ್ಕನೆಯ ವಾರ ಮುಳ್ಳು, ಉಪ್ಪು ಸರಿಯಿದೆ ಎಂದು ತೋರಿಸುವ ಹಸಿರು ಪಟ್ಟಿಯಿಂದ ಕೆಳಗಿಳಿಯಿತು. ಅದರ ಮರುವಾರ ಇನ್ನೂ ಕೆಳಗೆ. ಉಪ್ಪು ಎಲ್ಲಿಗೆ ಹೋಗುತ್ತದೆ? ಉಪ್ಪು ಆವಿಯಾಗುವುದಿಲ್ಲ ಎಂದು ಎಂಟನೆಯ ತರಗತಿಗೆ ಪ್ರತಿ ವರ್ಷ ನಾನೇ ಹೇಳುತ್ತೇನೆ. ಅಂದಮೇಲೆ ಮುಳ್ಳೇ ಸುಳ್ಳು. ಮೋಸ! ಪೆಟ್ಟಿಗೆ ಹಿಡಿದುಕೊಂಡು ಹುಬ್ಬಳ್ಳಿಗೆ ಹೋಗಿ ಅಂಗಡಿಯವನ ಮುಂದೆ ಗಿರಾಕಿಗಳೆಲ್ಲ ಕೇಳುವಂತೆ ಕೂಗಾಡಿದೆ. ಅವನು ಸಮಾಧಾನದಿಂದ, “ಸರ, ಮಾಪು ಸರಿ ಐತ್ರಿ. ನೀರು ನೋಡ್ಕೊಳ್ರಿ” ಎಂದ. “ನೀರು ಸಮುದ್ರದ್ದಪಾ! ಸಮುದ್ರ ಸುಳ್ಳು ಹೇಳತೈತೇನು?” ಎಂದು ಗುಡುಗಿದೆ. ನಿನ್ನ ಅಂಗಡಿಯ ಮೆಟ್ಟಿಲು ಇನ್ನೊಮ್ಮೆ ಹತ್ತುವುದಿಲ್ಲ ಎಂದು ಹೇಳಿ, ಹತ್ತಿದ್ದಾಗಿದೆಯಲ್ಲ ಎಂದು ಇನ್ನೊಂದು ಮಾಪು ಕೊಂಡುಕೊಂಡು ಬಂದೆ. ಎರಡನ್ನೂ ಒಂದೇ ನೀರಿನಲ್ಲಿ ಅದ್ದಿದೆ. ಎರಡರ ಮುಳ್ಳೂ ಒಂದೇ ಕಡೆ ನಿಂತವು, ಕೆಳಗೆ.

ಹಾಗಾದರೆ ಕಳ್ಳ ಬಸು. ಫೋನು ಮಾಡಿದೆ. “ಖರೇ ಹೇಳು. ಸಮುದ್ರಕ್ಕ ಹೋಗಿ ತಂದಿ, ಇಲ್ಲಾ ದಾರ್ಯಾಗ ಯಾವದರ ಹೊಳ್ಯಾಗ ಅದ್ದಿಕೊಂಡು ಬಂದಿ?”

“ಮಾಮಾ, ಮೊಣಕಾಲ್ಮಟ ನೀರಾಗ ನಿಂತು ತುಂಬೇನಿ. ಪ್ಯಾಂಟಿನ ಮ್ಯಾಲ ಉಪ್ಪು ಇನ್ನೂ ಬೆಳ್ಳಗೈತಿ. ಇನ್ನ ಮ್ಯಾಲ ನಿಮ್ಮ ಸಮುದ್ರ ನೀವ ತಂದ್ಕೊಳ್ರಿ” ಎಂದು ಇಟ್ಟುಬಿಟ್ಟ. ಗಿರಿಜಾ ಎರಡು ದಿನ ನನ್ನ ಜೊತೆ ಪಾತ್ರೆಗಳ ಮೂಲಕವಷ್ಟೇ ಮಾತಾಡಿದಳು. ತಾಟು ಕುಕ್ಕಿದರೆ ಊಟಕ್ಕೆ ಬಾ ಎಂದು, ಚರಿಗೆ ಕುಕ್ಕಿದರೆ ಕೈ ತೊಳೆ ಎಂದು.

ಅತ್ತ ಹವಳದ ಮೊಗ್ಗುಗಳು ಒಂದೊಂದಾಗಿ ಮುಚ್ಚತೊಡಗಿದವು. ಮೊದಲು ಅಂಚಿನ ಎರಡು. ಆಮೇಲೆ ನಾಲ್ಕು. ಒಂದು ಬೆಳಿಗ್ಗೆ ನೋಡಿದರೆ ಒಂಬತ್ತೂ ಮುಚ್ಚಿಕೊಂಡು, ಮುಷ್ಟಿ ಬಿಗಿದ ಹಾಗೆ ಕೂತಿದ್ದವು. ಮೀನುಗಳು ಮೂಲೆ ಹಿಡಿದು ಬಾಯಿ ತೆರೆದು ಮುಚ್ಚಿ ಮಾಡುತ್ತಿದ್ದವು. ನಾನು ಗಾಬರಿಯಲ್ಲಿ ವಾರಕ್ಕೊಮ್ಮೆ ಬದಲಿಸುವ ನೀರನ್ನು ಮೂರು ದಿನಕ್ಕೊಮ್ಮೆ ಬದಲಿಸಿದೆ. ಬದಲಿಸಿದಷ್ಟೂ ಕೆಟ್ಟಿತು. ಟ್ಯಾಂಕಿನ ನೀರನ್ನು ದಿನಕ್ಕೆರಡು ಸಲ ಅಳೆದವನು, ಆ ಕ್ಯಾನಿನ ನೀರನ್ನು ಒಂದು ಸಲವೂ ಅಳೆಯಲಿಲ್ಲ. ಸಮುದ್ರವನ್ನು ಯಾರಾದರೂ ಪರೀಕ್ಷೆ ಮಾಡುತ್ತಾರೆಯೇ?

ಒಂದು ಸೋಮವಾರ ಶಾಲೆ ಮಧ್ಯಾಹ್ನಕ್ಕೇ ಬಿಟ್ಟಿತು. ಮನೆಗೆ ಬರುವಾಗ ಶಾಂತಕ್ಕ ಬಾಟಲಿಯೊಂದನ್ನು ಸೆರಗಿನಡಿ ಹಿಡಿದು, ನನ್ನನ್ನು ಕಂಡು, “ಲಗೂನ ಬಂದ್ರಲ್ರಿ ಮಾಸ್ತರ” ಎಂದು ಲಗುಬಗೆಯಿಂದ ದಾಟಿದಳು. ಹಿತ್ತಲಿಗೆ ಹೋದೆ. ಅವ್ವ ಮಣೆ ಹಾಕಿಕೊಂಡು ಕೂತಿದ್ದಳು. ನಳದ ಪೈಪಿನ ಬಾಯಿ ಕ್ಯಾನಿನೊಳಗಿತ್ತು. ನೀರು ಕಂಠಕ್ಕೆ ಬರುವ ತನಕ ತುಂಬಿಸಿ, ಪೈಪು ತೆಗೆದು, ಮುಚ್ಚಳ ಹಾಕಿ, ಮೇಲೊಂದು ವಿಭೂತಿಯ ಬೆರಳು ಎಳೆದು, ಎರಡನೆಯ ಕ್ಯಾನಿಗೆ ಕೈ ಹಾಕಿದಳು.

“ಅವ್ವಾ! ಏನ್ ಮಾಡಾಕತ್ತೀ?”

“ಕ್ಯಾನು ಖಾಲಿ ಆಗಬಾರದು ಅಂದಿದ್ದೆಲ್ಲೋ” ಎಂದಳು, ಮುಖದಲ್ಲಿ ಒಂದಿಷ್ಟೂ ಅಳುಕಿಲ್ಲದೆ. “ಮಂದಿಗೆ ಇಲ್ಲನ್ನಬಾರದು. ನಿನಗೂ ಕಡಿಮಿ ಬೀಳಬಾರದು. ತಗದಷ್ಟು ತುಂಬಿ ಇಡ್ತೇನಿ.”

“ನಳದ ನೀರು ತುಂಬಿದ್ರ ಅದು ಸಮುದ್ರ ಹೆಂಗ ಆಗತೈತಿ?”

“ಯಾಕಾಗೂದಿಲ್ಲ? ಗಂಗಾ ಒಂದು ಹನಿ ಬಿದ್ರ ಇಡೀ ಕೊಡ ಗಂಗಾ ಆಗೂದಿಲ್ಲೇನು? ಅಷ್ಟಾಗಿ ನೀನ ಹೇಳಿದ್ಯಲ್ಲ, ಹೆಪ್ಪಿದ್ದಂಗ, ಸ್ವಲ್ಪ ಇದ್ರ ಇಡೀದನ್ನ ತನ್ನಂಗ ಮಾಡ್ಕೋತೈತಿ ಅಂತ. ತಳಕ್ಕ ಸಮುದ್ರ ಬಿಟ್ಟ ತುಂಬೇನಿ. ನಾ ಏನ್ ಅಷ್ಟೂ ತಿಳಿಯದಾಕೀನು?”

ನಾನು ಒಂದು ಕ್ಯಾನಿನಿಂದ ಬೊಗಸೆ ನೀರು ಬಾಯಿಗೆ ಹಾಕಿಕೊಂಡೆ. ಉಪ್ಪು ಮರೆತ ಸಾರಿನ ತಿಳಿಯಂತಿತ್ತು. ಇನ್ನೊಂದು ಕ್ಯಾನಿನದು ಸೀದಾ ನಮ್ಮ ನಳದ ನೀರೇ. ಒಂದು ತಿಂಗಳಿನಿಂದ ನಾನು ಪ್ರತಿ ವಾರ, ಪ್ರತಿ ಮೂರು ದಿನ, ಕೈಯಾರೆ, ಟ್ಯಾಂಕಿನ ಸಮುದ್ರವನ್ನು ತೆಗೆದು ಚರಂಡಿಗೆ ಚೆಲ್ಲಿ ಸವಣೂರಿನ ನಳವನ್ನು ತುಂಬಿದ್ದೆ.

ನಾನು ಕೂಗಾಡಿದೆ. ಎಪ್ಪತ್ತಾರು ವರ್ಷದ ತಾಯಿಯ ಮೇಲೆ ಹಾಗೆ ಕೂಗಬಾರದಿತ್ತು, ಆದರೆ ಕೂಗಿದೆ. ಯಾರಿಗೆ ಕೊಟ್ಟೆ, ಎಷ್ಟು ಕೊಟ್ಟೆ, ಹನ್ನೊಂದು ಜೀವ ಸಾಯಾಕತ್ತಾವ, ಗೋಕರ್ಣ ಬೇಕಾದವರು ಗೋಕರ್ಣಕ್ಕೆ ಹೋಗಬೇಕು, ನನ್ನ ಮನೆಗೆ ಯಾಕೆ ಬರಬೇಕು. ಅವ್ವ ಪೈಪನ್ನು ಸುತ್ತಿ ಬದಿಗಿಟ್ಟು, ಸೆರಗು ಸರಿಮಾಡಿಕೊಂಡು ಹೊರಗೆ ಹೋದಳು. ಹೋದವಳು ಓಣಿಯ ಮನೆಮನೆಗೆ, ಕೊಟ್ಟ ನೀರು ಉಳಿದಿದ್ದರೆ ವಾಪಸು ಕೊಡಿರೆಂದು ಕೇಳಲು.

ಯಾರೂ ಕೊಡಲಿಲ್ಲ. ಇದು ನನ್ನ ಸಿಟ್ಟಿನ ತುತ್ತತುದಿ. ಬಾಟಲಿಗಳಲ್ಲಿ ಇತ್ತು, ಶಾಂತಕ್ಕನ ಜಗಲಿಯ ಮೇಲೆಯೇ ಮೂರು ಬಾಟಲಿ ನಿಂತಿದ್ದವು. “ಪೂಜಾ ಆದ ನೀರು ಮೀನಿಗೆ ಹೆಂಗ ಕೊಡ್ಲಿ ಯವ್ವಾ, ದೇವರು ಏನಂದಾನು?” ಎಂದಳಂತೆ. ಬೋರಿನವರು ತೂತಿಗೆ ಸುರಿದು ಆಗಿತ್ತು, ಅಲ್ಲಿ ಎರಡಿಂಚು ನೀರೂ ಬಿದ್ದಿತ್ತು. ಅದಕ್ಕೆ ಅವರು ನನಗೆ ಧನ್ಯವಾದ ಬೇರೆ ಹೇಳಿ ಕಳಿಸಿದ್ದರು. ಕೇಳಿದವರಿಗೆಲ್ಲ ಇಲ್ಲವೆನ್ನದೆ ಕೊಟ್ಟ ಮುದುಕಿ ಬರಿಗೈಯಲ್ಲಿ ಮರಳಿ ಕಟ್ಟೆಯ ಮೇಲೆ ಕೂತಳು. ನನಗೆ ಓಣಿಯ ಮೇಲೆಲ್ಲ ಸಿಟ್ಟು ಬಂತು. ಆಮೇಲೆ, ಅವಳು ಹಾಗೆ ಬೇಡಲು ಹೋಗುವಂತೆ ಮಾಡಿದ್ದು ಯಾರು ಎಂದು ನೆನಪಾಗಿ ಆ ಸಿಟ್ಟು ತಿರುಗಿ ಮನೆಗೆ ಬಂತು.

ಅಂದೇ ಹುಬ್ಬಳ್ಳಿಗೆ ಹೋಗಿ ಆ ಪರದೇಶದ ಡಬ್ಬಿ ಕೊಳ್ಳಬಹುದಿತ್ತು. ಆದರೆ ಅಂಗಡಿಯವನಿಗೆ ಯಾವ ಮುಖ ತೋರಿಸಲಿ? ಬಸುವಿಗೆ ಹೇಳಬಹುದಿತ್ತು. ಬಸುವಿಗೆ ಯಾವ ಮುಖ? ನಮ್ಮ ಸೀಮೆಯಲ್ಲಿ ಸಮುದ್ರ ಸಿಗುವ ಬಾಗಿಲು ಇದ್ದದ್ದೇ ಎರಡು. ಎರಡನ್ನೂ ನಾನೇ ಒದ್ದು ಮುಚ್ಚಿದ್ದೆ. ಅಂಗಡಿಯವನಿಗಿಂತ ನೆಂಟ ವಾಸಿ ಎಂದು ಹಾನಗಲ್ಲಿನ ಬಸ್ಸು ಹತ್ತಿದೆ.

ಬಸು ಮನೆಯ ಮುಂದೆ ಗಾಡಿ ತೊಳೆಯುತ್ತಿದ್ದ. ನನ್ನನ್ನು ನೋಡಿ ಪೈಪು ಕೆಳಗಿಡಲಿಲ್ಲ.

“ಬರ್ರಿ ಮಾಮಾ. ಚಾ ಕುಡೀತೀರೇನು, ಹೊಳಿ ನೀರು ಕುಡೀತೀರೇನು?”

“ತಪ್ಪಾತೋ ಬಸು.” ನಡೆದದ್ದೆಲ್ಲ ಹೇಳಿದೆ. ಅವನ ತುಟಿ ಅದುರುತ್ತಿತ್ತು. ನಗು ತಡೆಯುತ್ತಿದ್ದಾನೆ ಎಂದು ತಡವಾಗಿ ತಿಳಿಯಿತು.

“ಅತ್ತಿಗೂ ಬೈದ್ರೇನು?”

“ಬೈದೆ.”

“ನನಗೂ ಬೈದ್ರಿ, ಅಂಗಡ್ಯಾವಗೂ ಬೈದ್ರಿ. ಮೂರೂ ಮಂದೀದು ತಪ್ಪ ಇರಲಿಲ್ಲ. ಹೆಪ್ಪಿನ ಪಾಠ ಮಾಡಿದಾವಗ ಯಾರು ಬೈಬೇಕ್ರಿ ಮಾಮಾ?”

ಆ ರಾತ್ರಿ ಅಲ್ಲೇ ಉಳಿದೆ. ಬೆಳಗಾಗುತ್ತಲೇ ಬೇರೆ ಹತ್ತು ಖಾಲಿ ಕ್ಯಾನು ಹೇರಿಕೊಂಡು ಅವನ ಗಾಡಿಯಲ್ಲಿ ಘಟ್ಟ ಇಳಿದೆವು. ಈ ಸಲ ಕ್ಯಾನು ತುಂಬುವ ಕೆಲಸ ನನ್ನದೇ ಎಂದು ಅವನು ಶಿರಸಿಗೆ ಮೊದಲೇ ಹೇಳಿಬಿಟ್ಟಿದ್ದ. ಮೊಣಕಾಲ್ಮಟ ನೀರಿನಲ್ಲಿ ನಿಂತು, ಅಲೆ ಬಂದಾಗಲೆಲ್ಲ ಕ್ಯಾನನ್ನು ಕೂಸಿನಂತೆ ಅವುಚಿಕೊಂಡು, ಎಡಗಾಲಿನ ಚಪ್ಪಲಿಯೊಂದನ್ನು ಸಮುದ್ರಕ್ಕೆ ಒಪ್ಪಿಸಿ, ಹತ್ತೂ ತುಂಬಿದೆ. ಬಸು ದಂಡೆಯ ಮೇಲೆ ಎಳನೀರು ಕುಡಿಯುತ್ತ, “ಮಾಮಾ, ಅದು ಸಮುದ್ರ ಹೌದಲ್ರಿ? ಪಕ್ಕಾ ನೋಡ್ಕೊಳ್ರಿ, ಆಮ್ಯಾಲ ಫೋನ್ ಮಾಡೀರಿ” ಎನ್ನುತ್ತಿದ್ದ.

ಮನೆಯಲ್ಲಿ ಮೊದಲ ಕ್ಯಾನು ಇಳಿಸಿದಾಗ ಅವ್ವ ಬಂದು ಮುಚ್ಚಳ ತೆಗೆಸಿದಳು. ಇಷ್ಟು ದಿನ ತಲೆಗೆ ಪ್ರೋಕ್ಷಿಸಿಕೊಂಡಿದ್ದಳೇ ಹೊರತು ಬಾಯಿಗೆ ಹಾಕಿಕೊಂಡಿರಲಿಲ್ಲ. ಬೆರಳು ಅದ್ದಿ ನಾಲಿಗೆಗೆ ಹಚ್ಚಿದವಳ ಮುಖ ಕಿವುಚಿತು.

“ಅಯ್ಯ ಶಿವನ! ಇಷ್ಟು ಉಪ್ಪೇನು?” ಆಮೇಲೆ ಟ್ಯಾಂಕಿನ ಕಡೆ ತಿರುಗಿದಳು. “ಇಷ್ಟು ಉಪ್ಪು ಉಣ್ಣೂ ಕೂಸುಗೊಳಿಗೆ ನಾ ಸಪ್ಪನ ಗಂಜಿ ಹಾಕಿ ಕುಂದ್ರಸಿದ್ನೇನೋ?”

ನಾನು ಇಟ್ಟುಕೊಂಡಿದ್ದ ಸಿಟ್ಟೆಲ್ಲ ಆ ಒಂದು ಮಾತಿಗೆ ಕಾಲು ಮುರಿದು ಕೂತಿತು. ಅದಕ್ಕೂ ನನಗೆ ಸಿಟ್ಟೇ. ಮನುಷ್ಯನಿಗೆ ನೆಟ್ಟಗೆ ನಾಲ್ಕು ದಿನ ಸಿಟ್ಟು ಮಾಡಲೂ ಈ ಮನೆಯಲ್ಲಿ ಬಿಡುವುದಿಲ್ಲ.

ಉಪ್ಪನ್ನು ಒಮ್ಮೆಗೇ ಏರಿಸುವಂತಿಲ್ಲ. ಹಸಿದವನಿಗೆ ತುತ್ತು ತುತ್ತಾಗಿ ಉಣಿಸಿದ ಹಾಗೆ ದಿನಕ್ಕಿಷ್ಟು ಎಂದು ತೆಗೆದು ಹಾಕಬೇಕು. ಅವ್ವ ಟ್ಯಾಂಕಿನ ಮುಂದೆ ಸ್ಟೂಲು ಹಾಕಿಕೊಂಡು ಕೂತಳು, ಊಟಕ್ಕೂ ಏಳದೆ. ಎಂಥವರು ಬಂದರೂ “ಇಲ್ಲವ್ವಾ, ಮೀನ ಆಜಾರಿ ಅದಾವ, ಆರಾಮಿಲ್ಲ” ಎಂದು ಬಾಗಿಲಿನಿಂದಲೇ ಕಳಿಸಿದಳು. ಮೀನುಗಳು ಮೂರನೆಯ ದಿನಕ್ಕೆ ಮೂಲೆ ಬಿಟ್ಟು ಹೊರಬಂದವು. ಹವಳ ಮಾತ್ರ ಬಿಗಿದ ಮುಷ್ಟಿ ಬಿಡಲಿಲ್ಲ. ನಾಲ್ಕು ದಿನ. ಐದು. ಆರು. ಗಿರಿಜಾ ಬೆಳಿಗ್ಗೆ ಕಸ ಹೊಡೆಯುವಾಗ ಆ ಕಡೆ ನೋಡುವುದೂ ಇಲ್ಲ ಎಂದುಕೊಂಡಿದ್ದೆ. ಮಾತು ಕೊಟ್ಟವನು ನಾನು. ಬಂಕಾಪುರದ ವೆಲ್ಡಿಂಗಿನವನು ಸ್ಟ್ಯಾಂಡು ವಾಪಸು ತೆಗೆದುಕೊಂಡಾನೆಯೇ ಎಂದು ಮನಸ್ಸಿನಲ್ಲೇ ಮಾತು ಜೋಡಿಸಿಕೊಳ್ಳತೊಡಗಿದೆ.

ಎಂಟನೆಯ ಬೆಳಿಗ್ಗೆ ನಾನು ಗಡ್ಡಕ್ಕೆ ಸೋಪು ಹಚ್ಚಿಕೊಂಡು ನಿಂತಿದ್ದೆ. ನಡುಮನೆಯಿಂದ ಗಿರಿಜಾಳ ದನಿ, ಕಸಬರಿಗೆ ಬಿದ್ದ ಸದ್ದು. “ಇಲ್ಲೆ ಬರ್ರಿ! ಲಗೂ ಬರ್ರಿ!”

ನೊರೆ ಮುಖದಲ್ಲೇ ಓಡಿದೆ. ಅವ್ವ ಸ್ಟೂಲಿನಿಂದ ಎದ್ದು ಗಾಜಿಗೆ ಮೂಗು ಒತ್ತಿ ನಿಂತಿದ್ದಳು. ಮೊಗ್ಗು ಬಿಚ್ಚಿದ್ದವು. ಹಸಿರು ರೆಪ್ಪೆಗಳು ನೀರಿನಲ್ಲಿ ಅಲುಗಾಡುತ್ತಿದ್ದವು. ಎಣಿಸಿದೆ. ಏಳು. ಮತ್ತೊಮ್ಮೆ ಎಣಿಸಿದೆ. ಏಳೇ. ಅಂಚಿನ ಎರಡು ಕಪ್ಪಿಟ್ಟು, ಸೀದ ಸಾಸಿವೆಯ ಹಾಗೆ ಕಲ್ಲಿಗಂಟಿದ್ದವು. ಅವು ಇನ್ನು ಏಳುವಂಥವಲ್ಲ ಎಂದು ತಿಳಿಯಲು ವಿಜ್ಞಾನದ ಮಾಸ್ತರನೇ ಆಗಬೇಕಿರಲಿಲ್ಲ.

“ಎರಡು ಹೋಗ್ಯಾವ ಗಿರಿಜಾ” ಎಂದೆ. “ಒಂದು ಸತ್ರೂ ಅಂತ ಮಾತಾಗಿತ್ತು. ರವಿವಾರ ತಗದುಬಿಡ್ತೇನಿ.”

ಅವಳು ಬಾಗಿ, ಗಾಜಿನ ಮೇಲೆ ಅವ್ವನ ಉಸಿರಿನಿಂದ ಕವಿದಿದ್ದ ಮಂಜನ್ನು ಸೆರಗಿನಿಂದ ಒರೆಸಿ, ಆ ಎರಡನ್ನೇ ಬಹಳ ಹೊತ್ತು ನೋಡಿದಳು.

“ಯಾರು ಹೇಳಿದ್ರು ಸತ್ತಾವಂತ? ಮಲಗ್ಯಾವ.”

“ಕಪ್ಪಾಗ್ಯಾವ, ನೋಡಿಲ್ಲಿ...”

“ಮಲಗ್ಯಾವ ಅಂದ್ನೆಲ್ರಿ” ಎಂದು ಗದರಿ, ಕಸಬರಿಗೆ ಎತ್ತಿಕೊಂಡಳು. “ಗದ್ಲ ಮಾಡಬ್ಯಾಡ್ರಿ.”